ಪಕ್ಕೆಲುಬು ಅವರದು, ಮಜಾ ನಮ್ಮದು

ಬಾಕ್ಸಿಂಗ್ ಯಾಕೆ ನೋಡುತ್ತೀರಿ ಅಂತ ಯಾವ ಅಭಿಮಾನಿಯನ್ನಾದರೂ ಕೇಳಿ. "ಟೆಕ್ನಿಕ್ ಸಾರ್, ಫುಟ್‌ವರ್ಕ್, ಶಿಸ್ತು" ಅನ್ನುತ್ತಾನೆ. ಸರಿ. ಇಬ್ಬರು ಶಿಸ್ತಿನ ಸಿಪಾಯಿಗಳು ಹನ್ನೆರಡು ರೌಂಡ್ ಚೆಂದವಾಗಿ ಏಟು ತಪ್ಪಿಸಿಕೊಂಡು, ಕೊನೆಗೆ ಪಾಯಿಂಟ್ ಲೆಕ್ಕದಲ್ಲಿ ಪಂದ್ಯ ಮುಗಿಸಿದರೆ ಅದೇ ಮನುಷ್ಯ "ಥೂ, ದುಡ್ಡು ದಂಡ" ಅಂತ ಗೊಣಗುತ್ತಾನೆ. ಫುಟ್‌ವರ್ಕ್ ಬೇಕಿತ್ತು ಅಂದ್ಯಲ್ಲಪ್ಪಾ!

ಐಸ್ ಹಾಕಿಯವರಲ್ಲಿ ಇಷ್ಟು ನಾಟಕ ಇಲ್ಲ. ಉತ್ತರ ಅಮೆರಿಕದ ದೊಡ್ಡ ಹಾಕಿ ಲೀಗ್ ಆದ ಎನ್‌ಎಚ್‌ಎಲ್ ಪಂದ್ಯದಲ್ಲಿ ಇಬ್ಬರು ಗ್ಲೌಸ್ ಕಿತ್ತೆಸೆದು, ಒಬ್ಬರ ಅಂಗಿ ಒಬ್ಬರು ಹಿಡಿದು ಮೂತಿಗೆ ಗುದ್ದಲು ಶುರು ಮಾಡಿದರೆ ಶಿಕ್ಷೆ ಐದು ನಿಮಿಷ. ಅಂಕಣದ ಪಕ್ಕದ ಪೆನಾಲ್ಟಿ ಬಾಕ್ಸ್ ಅನ್ನೋ ಪೆಟ್ಟಿಗೆಯಲ್ಲಿ ಸುಮ್ನೆ ಕೂತಿರಬೇಕು, ಅಷ್ಟೇ. ಅದುವರೆಗೆ ಫೋನ್ ನೋಡುತ್ತಿದ್ದ ಪ್ರೇಕ್ಷಕರು ಆಗ ಎದ್ದು ನಿಂತಿರುತ್ತಾರೆ. ಗೋಲಿಗೂ ಅಷ್ಟು ಬೇಗ ಏಳುವುದಿಲ್ಲ.

ನಮಗೂ ಒಂದು ಮರ್ಯಾದೆ ಇದೆ ಬಿಡಿ. 1997ರಲ್ಲಿ ಬಾಕ್ಸರ್ ಮೈಕ್ ಟೈಸನ್ ಎದುರಾಳಿ ಹೋಲಿಫೀಲ್ಡ್‌ನ ಕಿವಿ ಕಚ್ಚಿದಾಗ ಜಗತ್ತೇ ಛೀ ಅಂದಿತು. ಕಿವಿ ಕಚ್ಚುವುದು ಕಾಡುತನ. ತಲೆಗೆ ಗುದ್ದಿ ಪ್ರಜ್ಞೆ ತಪ್ಪಿಸಿದ್ದರೆ ಚಾಂಪಿಯನ್ ಬೆಲ್ಟ್ ಕಟ್ಟಿ ಕಳಿಸುತ್ತಿದ್ದೆವು. ಗ್ಲೌಸ್ ಇದೆಯಲ್ಲ, ಭಯ ಇಲ್ಲ ಅನ್ನುವವರೂ ಇದ್ದಾರೆ. ಗ್ಲೌಸ್ ಕಾಪಾಡುವುದು ಜಾಸ್ತಿ ಹೊಡೆಯುವವನ ಬೆರಳನ್ನು. ಬರಿಗೈಲಿ ತಲೆಬುರುಡೆಗೆ ಗುದ್ದಿದರೆ ಕೈಮೂಳೆಯೇ ಮುರಿಯುತ್ತದೆ. ಗ್ಲೌಸ್ ಹಾಕಿಕೊಂಡರೆ ನಿಶ್ಚಿಂತೆಯಾಗಿ ಬಾರಿಸಬಹುದು.

ಆಟಗಾರ ಬಿದ್ದ ಮೇಲೆ ನಡೆಯುವುದನ್ನು ಗಮನಿಸಿ. ಕಾಮೆಂಟೇಟರ್ "ಅಯ್ಯೋ, ನೋಡಲಾಗುತ್ತಿಲ್ಲ" ಅನ್ನುತ್ತಾನೆ. ನೋಡಲಾಗದ್ದನ್ನು ಸ್ಲೋ ಮೋಷನ್‌ನಲ್ಲಿ ಎಡದಿಂದ, ಬಲದಿಂದ, ಮೇಲಿನಿಂದ ತೋರಿಸುತ್ತಾರೆ. ಕೆನ್ನೆ ಅಲುಗುವುದು, ಬೆವರು ಚಿಮ್ಮುವುದು, ಹಲ್ಲಿನ ಗಾರ್ಡ್ ಹಾರಿ ಹೋಗುವುದು, ಎಲ್ಲ. ಆಮೇಲೆ ಸ್ಟ್ರೆಚರ್ ಬರುತ್ತದೆ, "ಹೊಡಿ, ಹೊಡಿ" ಅಂತ ಗಂಟಲು ಹರಿದುಕೊಂಡವರೇ ಎದ್ದು ನಿಂತು ಗೌರವದಿಂದ ಚಪ್ಪಾಳೆ ತಟ್ಟುತ್ತಾರೆ.

ನನ್ನ ಕೇಳಿದರೆ ಸೆಳೆತದ ಗುಟ್ಟು ಇಷ್ಟೇ. ಗೆದ್ದರೆ "ನಾವು ಹೊಡೆದ್ವಿ". ಸೋತರೆ "ಅವನು ಬಿದ್ದ". ಇಷ್ಟು ಲಾಭದ ಪಾಲುದಾರಿಕೆ ಬೇರೆಲ್ಲಿ ಸಿಗುತ್ತದೆ?

ಮಿದುಳಿನ ವಿಷಯ ಎತ್ತಿದರೆ ಮಾತ್ರ ಅಭಿಮಾನಿಗೆ ಬೇಜಾರು. ಅಮೆರಿಕನ್ ಫುಟ್‌ಬಾಲ್‌ನ ಮೈಕ್ ವೆಬ್‌ಸ್ಟರ್ 2002ರಲ್ಲಿ, ಬರೀ 50ನೇ ವಯಸ್ಸಿಗೆ ತೀರಿಕೊಂಡರು. ಪದೇ ಪದೇ ತಲೆಗೆ ಪೆಟ್ಟು ಬಿದ್ದರೆ ಆಗುವ ಹಾನಿ ಅವರ ಮಿದುಳಿನಲ್ಲಿ ಕಂಡಿತ್ತು. "ಗೊತ್ತಿದ್ದೇ ಆಡ್ತಾರೆ ಸಾರ್, ಕೋಟಿಗಟ್ಟಲೆ ತಗೋತಾರೆ, ಸ್ವಲ್ಪ ಪೆಟ್ಟು ತಿನ್ನಬೇಕಾಗುತ್ತೆ" ಅಂತ ಸೋಫಾದಿಂದ ತೀರ್ಪು ಬರುತ್ತದೆ. ಈ ನ್ಯಾಯಾಧೀಶರ ಕಾಲನ್ನು ಬಸ್ಸಿನಲ್ಲಿ ಯಾರಾದರೂ ತುಳಿದು ನೋಡಲಿ, ಮುಂದಿನ ಸ್ಟಾಪ್‌ವರೆಗೂ ಬಿಡದೆ ಜಗಳ ಆಡುತ್ತಾರೆ.