ಮುಳುಗುವುದು ನಮ್ಮ ಹಕ್ಕು, ಎತ್ತುವುದು ನಿಮ್ಮ ಕರ್ತವ್ಯ

ಜೂನ್ 1 ಬಂತೆಂದರೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಬೀಗ. ಜುಲೈ 31ರವರೆಗೆ ಟ್ರಾಲ್ ಬೋಟುಗಳು ಬಂದರಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಮೀನು ಮರಿ ಮಾಡುವ ಕಾಲ ಎಂಬುದು ಒಂದು ಕಾರಣ, ಮುಂಗಾರಿನ ಕಡಲು ಯಾರ ಮಾತನ್ನೂ ಕೇಳುವುದಿಲ್ಲ ಎಂಬುದು ಇನ್ನೊಂದು. ತಲೆಮಾರುಗಳಿಂದ ಉಪ್ಪುನೀರಿನಲ್ಲೇ ಬದುಕಿದ ಮೊಗವೀರರು, ಖಾರ್ವಿಗಳು, ಹರಿಕಂತ್ರರು ದಂಡೆಯ ಮೇಲೆ ಕುಳಿತು ಹರಿದ ಬಲೆ ಸರಿಮಾಡುವ ಈ ಎರಡು ತಿಂಗಳಲ್ಲೇ, ರಾತ್ರಿಯಿಡೀ ಕಾರು ಓಡಿಸಿಕೊಂಡು ಘಟ್ಟ ಇಳಿದು ಬಂದ ಮಹನೀಯರೊಬ್ಬರಿಗೆ ಕಡಲು ಕೈಬೀಸಿ ಕರೆದಂತೆ ಕಾಣುತ್ತದೆ.

ಮಲ್ಪೆಯಲ್ಲಿ ಮಳೆಗಾಲಕ್ಕೆ ದಂಡೆಯುದ್ದಕ್ಕೂ ಬಲೆ ಕಟ್ಟಿ ಕೆಂಪು ಬಾವುಟ ನೆಡುತ್ತಾರೆ. ಉಳಿದ ಕಾಲದಲ್ಲಿ ನೀರಿನೊಳಗೆ ಮೀನು ಹಿಡಿಯುವ ಬಲೆಗೆ ಮಳೆಗಾಲದಲ್ಲಿ ಮರಳಿನ ಮೇಲೆ ಮನುಷ್ಯರನ್ನು ಹಿಡಿಯುವ ಕೆಲಸ. ಬಂಗುಡೆಯಾದರೂ ಬಲೆ ಕಂಡರೆ ಹಿಂದೆ ತಿರುಗಲು ನೋಡುತ್ತದೆ. ನಮ್ಮ ಮಹನೀಯರು ಬಲೆಯ ಅಂಚನ್ನು ಎತ್ತಿ, ತಾವು ನುಸುಳಿ, ಹೆಂಡತಿ ಮಕ್ಕಳಿಗೂ ಎತ್ತಿ ಹಿಡಿದು ದಾರಿ ಮಾಡಿಕೊಡುತ್ತಾರೆ. ಕುಟುಂಬವತ್ಸಲರು.

ಆಗ ಜೀವರಕ್ಷಕ ಸೀಟಿ ಊದುತ್ತಾನೆ. “ಸರ್, ಮೇಲೆ ಬನ್ನಿ, ಇಲ್ಲಿ ಸೆಳೆತ ಇದೆ” ಎನ್ನುತ್ತಾನೆ. ಮಹನೀಯರಿಗೆ ಅವಮಾನವಾಗುತ್ತದೆ. “ನನಗೆ ಈಜು ಬರುತ್ತದೆ” ಎನ್ನುತ್ತಾರೆ. ಬರುವುದು ನಿಜ. ಅಪಾರ್ಟ್‌ಮೆಂಟಿನ ನಾಲ್ಕು ಅಡಿಯ ಕೊಳದಲ್ಲಿ, ಸ್ಟೀಲ್ ಕಂಬಿಯ ಪಕ್ಕದಲ್ಲಿ, ಚೆನ್ನಾಗಿಯೇ ಬರುತ್ತದೆ. ಅಲ್ಲಿ ನೀರು ಯಾರನ್ನೂ ಎಳೆಯುವುದಿಲ್ಲ. ಎಳೆದರೆ ನಿವಾಸಿಗಳ ಸಂಘಕ್ಕೆ ದೂರು ಕೊಡಬಹುದು. ದಡದಿಂದ ಕಡಲೊಳಕ್ಕೆ ಎಳೆದೊಯ್ಯುವ ಈ ಸೆಳೆತಕ್ಕೆ ಅಂಥ ಸಂಘವಿಲ್ಲ. ಅದರ ಮೋಸವೇ ಬೇರೆ: ಅಲೆ ಒಡೆಯದ, ನೊರೆಯಿಲ್ಲದ, ನೋಡಲು ಶಾಂತವಾಗಿರುವ ಜಾಗದಲ್ಲೇ ಅದು ಹೆಚ್ಚಾಗಿ ಇರುತ್ತದೆ. “ಅಗೋ, ಅಲ್ಲಿ ಅಲೆಯೇ ಇಲ್ಲ, ಅಲ್ಲಿಗೆ ಹೋಗೋಣ” ಎಂದು ಇಡೀ ತಂಡ ಹುಡುಕಿಕೊಂಡು ಹೋಗುವುದೂ ಅಲ್ಲಿಗೇ. ಸಿಕ್ಕಿಬಿದ್ದರೆ ಸೆಳೆತಕ್ಕೆ ಎದುರಾಗಿ ನೇರ ದಡದ ಕಡೆಗೆ ಈಜದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು ಎಂದು ಫಲಕದಲ್ಲಿ ಬರೆದಿದ್ದರೂ ಉಪಯೋಗವಿಲ್ಲ. ಫಲಕಕ್ಕೆ ಬೆನ್ನು ಕೊಟ್ಟು ನಿಂತು ಸೆಲ್ಫಿ ತೆಗೆದುಕೊಳ್ಳುವವರಿಗೆ ಅದರ ಅಕ್ಷರ ಕಾಣುವುದು ಫೋಟೋದಲ್ಲಿ ಮಾತ್ರ, ಅದೂ ತಿರುಗುಮುರುಗಾಗಿ.

ಇನ್ನೂ ಸ್ವಲ್ಪ ಧೈರ್ಯವಂತರು ಮಳೆಗಾಲ ಕಳೆದ ಮೇಲೆ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿಗೆ ದೋಣಿ ಹತ್ತುತ್ತಾರೆ. ದಡದಿಂದ ಸುಮಾರು 19 ಕಿಲೋಮೀಟರ್ ದೂರದ ದ್ವೀಪ. ಹಿಂದೆ ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸುತ್ತಿದ್ದ ಬಂಡೆ ಈಗ ಸ್ಕೂಬಾ ಡೈವಿಂಗ್‌ಗೆ ಹೆಸರುವಾಸಿ. ಹೊರಡುವ ಮೊದಲು ಒಂದು ಅರ್ಜಿ ತುಂಬಬೇಕು: ಉಬ್ಬಸವಿದೆಯೇ, ಹೃದಯದ ತೊಂದರೆಯಿದೆಯೇ, ಕಿವಿ ನೋವಿದೆಯೇ, ಔಷಧಿ ತೆಗೆದುಕೊಳ್ಳುತ್ತಿದ್ದೀರೇ? ಕಚೇರಿಯಲ್ಲಿ ರಜೆ ಕೇಳುವಾಗ ಈ ಎಲ್ಲ ಕಾಯಿಲೆಗಳನ್ನೂ ಸರದಿಯ ಮೇಲೆ ಅನುಭವಿಸಿದ ಮನುಷ್ಯ ಇಲ್ಲಿ ಪ್ರತಿಯೊಂದಕ್ಕೂ “ಇಲ್ಲ” ಎಂದು ಗುರುತು ಹಾಕುತ್ತಾನೆ. ಕರಾವಳಿಯ ಗಾಳಿಗೆ ಎಂಥ ಔಷಧೀಯ ಗುಣವಿದೆ ಎಂಬುದಕ್ಕೆ ಆ ಅರ್ಜಿಗಳ ಕಟ್ಟೇ ಸಾಕ್ಷಿ.

ನೀರಿನೊಳಗೆ ಮಾತಿಲ್ಲ, ಸನ್ನೆ ಮಾತ್ರ. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿದರೆ “ಸರಿ ಇದ್ದೇನೆ” ಎಂದರ್ಥ. ಹೆಬ್ಬೆರಳು ಎತ್ತಿದರೆ “ಮೇಲಕ್ಕೆ ಹೋಗೋಣ”. ದೋಣಿಯಲ್ಲಿ ಇದನ್ನು ಎಷ್ಟು ಸಲ ಹೇಳಿಕೊಟ್ಟರೇನು, ಕ್ಯಾಮೆರಾ ಎದುರು ಬಂದೊಡನೆ ಬೆರಳು ತಾನಾಗಿಯೇ ಏಳುತ್ತದೆ. ತರಬೇತುದಾರ ಪಾಪ, ಕಲಿತ ವಿದ್ಯೆಗೆ ನಿಷ್ಠನಾಗಿ ಮೇಲಕ್ಕೆ ತರುತ್ತಾನೆ. “ಕೊಟ್ಟ ದುಡ್ಡಿಗೆ ಪೂರ್ತಿ ತೋರಿಸಲಿಲ್ಲ” ಎಂಬ ಜಗಳ ಅಲೆಯ ಮೇಲೆಯೇ ಶುರು. ಮೊದಲ ಸಲದವರನ್ನು 12 ಮೀಟರಿಗಿಂತ ಆಳಕ್ಕೆ ಇಳಿಸಬಾರದೆಂಬ ನಿಯಮವಾಗಲಿ, ಮೇಲೇರುವಾಗ ಉಸಿರು ಹಿಡಿದರೆ ಶ್ವಾಸಕೋಶಕ್ಕೆ ಅಪಾಯವೆಂಬ ಎಚ್ಚರಿಕೆಯಾಗಲಿ ಅವರಿಗೆ ಕಾಣುವುದು ಕಂಪನಿಯ ಜಿಪುಣತನವಾಗಿಯೇ.

ಹೆಚ್ಚುಕಮ್ಮಿಯಾದರೆ? ಕೇಳಿ ನೋಡಿ, ಉತ್ತರ ಸಿದ್ಧವಿದೆ: “ಕೋಸ್ಟ್ ಗಾರ್ಡ್ ಇದ್ದಾರಲ್ಲ!” ಇದ್ದಾರೆ. ಸುಮಾರು 46 ಲಕ್ಷ ಚದರ ಕಿಲೋಮೀಟರ್ ಕಡಲಿನಲ್ಲಿ ಹುಡುಕಾಟ ಮತ್ತು ರಕ್ಷಣೆಯನ್ನು ನಡೆಸಬೇಕಾದ ಪಡೆ ಅದು. ಬೆಂಕಿ ಬಿದ್ದ ಹಡಗು, ಚಂಡಮಾರುತಕ್ಕೆ ಸಿಕ್ಕ ದೋಣಿ, ಎಲ್ಲವೂ ಅವರ ಪಾಲಿಗೆ. ಸಂಖ್ಯೆ 1554. ಕರಾವಳಿ ಕಾವಲು ಪೊಲೀಸರದ್ದು 1093. ಯಾವುದೂ ನೆನಪಾಗದಿದ್ದರೆ 112. ಮುಳುಗುತ್ತಿರುವವನು ಇವುಗಳಲ್ಲಿ ಯಾವುದೆಂದು ತೀರ್ಮಾನಿಸಿ, ಕುತ್ತಿಗೆಗೆ ತೂಗುಹಾಕಿಕೊಂಡ ಪ್ಲಾಸ್ಟಿಕ್ ಚೀಲದೊಳಗಿನ ಮೊಬೈಲಿನಲ್ಲಿ ಒದ್ದೆ ಬೆರಳಿನಿಂದ ಒತ್ತಿ, ತಾನಿರುವ ಸ್ಥಳದ ಗುರುತು ಹೇಳಬೇಕು. ಗುರುತು ಹೇಳಲು ಅಲ್ಲಿ ಬೇಕರಿಯೂ ಇಲ್ಲ, ಆಂಜನೇಯನ ಗುಡಿಯೂ ಇಲ್ಲ. ಎಡಕ್ಕೆ ನೀರು, ಬಲಕ್ಕೆ ನೀರು.

ಕರಾವಳಿ ಕಾವಲು ಪೊಲೀಸರ ಕಥೆ ಇನ್ನೂ ಸೊಗಸು. ಕಡಲಿನಿಂದ ನೆಲಕ್ಕೆ ನುಗ್ಗುವವರ ಮೇಲೆ ಕಣ್ಣಿಡಲು ಹುಟ್ಟಿದ ಪಡೆಗೆ ಈಗ ನೆಲದಿಂದ ಕಡಲಿಗೆ ನುಗ್ಗುವವರನ್ನು ತಡೆಯುವುದೇ ದೊಡ್ಡ ಕಸರತ್ತು. ನುಸುಳುಕೋರನಿಗೆ ಕಡೆಯ ಪಕ್ಷ ಪೊಲೀಸರ ಭಯವಾದರೂ ಇರುತ್ತದೆ.

ಆದರೆ ಹೆಚ್ಚಿನ ಸಲ ಮೊದಲು ತಲುಪುವುದು ಹತ್ತಿರದಲ್ಲಿದ್ದ ಯಾವುದೋ ಮೀನುದೋಣಿ. ಇಲ್ಲಿ ನನಗೆ ನಗು ಸ್ವಲ್ಪ ಕಡಿಮೆಯಾಗುತ್ತದೆ. ದೋಣಿ ನಡೆಸುವ ತಂಡೇಲ ಬಲೆ ಬಿಟ್ಟಿರುತ್ತಾನೆ. ಎಳೆದುಕೊಳ್ಳಲು ಸಮಯವಿಲ್ಲದಿದ್ದರೆ ಕತ್ತರಿಸಿ ಓಡಬೇಕು. ಡೀಸೆಲ್ ಅವನದ್ದು, ಕರಗುವ ಮಂಜುಗಡ್ಡೆ ಅವನದ್ದು, ದಿನದ ದುಡಿಮೆಯಲ್ಲಿ ಪಾಲು ಕಾಯುತ್ತಿರುವ ಕಲಾಸಿಗಳು, ಅಂದರೆ ದೋಣಿಯ ಕೆಲಸಗಾರರು, ಅವನವರೇ. ದಡಕ್ಕೆ ತಂದು ಹಾಕಿದ ಮೇಲೆ “ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು” ಎಂದು ಹಿರಿಯರು ಹೇಳಿದ್ದನ್ನು ನಮ್ಮವರು ಗಾದೆಯೆಂದು ತಿಳಿಯದೆ ಶಿಷ್ಟಾಚಾರವೆಂದೇ ಪಾಲಿಸುತ್ತಾರೆ. ಹಂಗು ಮಾತ್ರವಲ್ಲ, ದೋಣಿಯಲ್ಲಿ ಮೀನಿನ ವಾಸನೆಯಿತ್ತೆಂಬ ತಕರಾರೂ ಜೊತೆಗಿರುತ್ತದೆ.

ಬ್ರಿಟನ್ನಿನಲ್ಲಿ 1824ರಲ್ಲಿ ಹುಟ್ಟಿದ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆ ಇಂದಿಗೂ ಮುಖ್ಯವಾಗಿ ಜನರು ಕೊಡುವ ದೇಣಿಗೆಯ ಮೇಲೆ ನಡೆಯುತ್ತಿದೆ. ದೋಣಿಯಲ್ಲಿ ಹೋಗುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಅಲ್ಲಿನ ಅಂಗಡಿಗಳಲ್ಲಿ ರಕ್ಷಣಾ ದೋಣಿಯ ಆಕಾರದ ಪುಟ್ಟ ಪೆಟ್ಟಿಗೆ ಇಟ್ಟಿರುತ್ತಾರೆ. ಜನ ಚಿಲ್ಲರೆ ಹಾಕುತ್ತಾರೆ. ನಮಗೂ ಪೆಟ್ಟಿಗೆಗೆ ದುಡ್ಡು ಹಾಕುವುದು ಹೊಸದಲ್ಲ. ಮುರ್ಡೇಶ್ವರದ ಶಿವನಿಗೆ ಹುಂಡಿಯಲ್ಲಿ ನೋಟು ಹಾಕಿ “ಕಾಪಾಡಪ್ಪ” ಎಂದು ಕೈಮುಗಿದು, ಹತ್ತು ಹೆಜ್ಜೆ ಆಚೆ ಬಂದು, ಲೈಫ್ ಜಾಕೆಟ್ಟಿನ ಬಾಡಿಗೆ ಜಾಸ್ತಿಯಾಯಿತೆಂದು ಚೌಕಾಸಿ ಮಾಡುತ್ತೇವೆ. ಕೊಟ್ಟರೂ ಹಾಕಿಕೊಳ್ಳುವುದಿಲ್ಲ. ಫೋಟೋದಲ್ಲಿ ಹೊಟ್ಟೆ ದಪ್ಪ ಕಾಣುತ್ತದೆ.

ಸರ್ಕಾರವೇನು ಸುಮ್ಮನೆ ಕುಳಿತಿಲ್ಲ. 320 ಕಿಲೋಮೀಟರ್ ಕರಾವಳಿಗೆ ಬನ್ನಿ ಬನ್ನಿ ಎಂದು ಒಂದು ಇಲಾಖೆ ಜಾಹೀರಾತು ಕೊಡುತ್ತದೆ. ನೀರಿಗೆ ಇಳಿಯಬೇಡಿ ಎಂದು ಇನ್ನೊಂದು ಇಲಾಖೆ ಫಲಕ ನೆಡುತ್ತದೆ. ದುರಂತವಾದರೆ ಕಡಲತೀರಕ್ಕೇ ಬೀಗ, ಒಂದಷ್ಟು ಸಭೆ, ಮೊದಲಿಗಿಂತ ದೊಡ್ಡ ಫಲಕ. ಗುತ್ತಿಗೆಯ ಜೀವರಕ್ಷಕನ ಸಂಬಳದ ಕಡತ ಮಾತ್ರ ಸೆಳೆತಕ್ಕೆ ಸಿಕ್ಕವರ ಹಾಗೆ ಎಷ್ಟು ಕೈಕಾಲು ಬಡಿದರೂ ದಡ ಸೇರುವುದಿಲ್ಲ.

ಇನ್ನು ಕಾನೂನಿನ ಒಂದು ಸಂಗತಿ. ಕಡಲಿನಲ್ಲಿ ಅಪಾಯದಲ್ಲಿರುವ ಹಡಗನ್ನೋ ಸರಕನ್ನೋ ಉಳಿಸಿಕೊಟ್ಟವರು ಅದರ ಮಾಲೀಕರಿಂದ ಪ್ರತಿಫಲ ಕೇಳಬಹುದು. ಜೀವ ಉಳಿಸಿದರೆ, ಉಳಿದವನಿಂದ ಏನನ್ನೂ ಕೇಳುವಂತಿಲ್ಲ. 1989ರ ಅಂತರರಾಷ್ಟ್ರೀಯ ಒಪ್ಪಂದದಲ್ಲೂ ಇದೇ ಇದೆ. ಮನುಷ್ಯನ ಜೀವಕ್ಕೆ ಬೆಲೆ ಕಟ್ಟಬಾರದೆಂಬ ಉದಾತ್ತ ಭಾವನೆ ಅದರ ಹಿಂದಿದೆ; ಈ ಮಹನೀಯರ ವಿಷಯದಲ್ಲಿ ಬೆಲೆ ಕಟ್ಟಲು ಕುಳಿತರೂ ದೊಡ್ಡ ಮೊತ್ತವೇನೂ ಬರಲಾರದು. ಆದ್ದರಿಂದ ನಮ್ಮ ತಂಡೇಲರಿಗೆ ನನ್ನದೊಂದು ಸಲಹೆ. ಮುಂದಿನ ಸಲ ನೀರಿನಲ್ಲಿ ಮೊದಲು ಮೊಬೈಲನ್ನು ಎತ್ತಿಕೊಳ್ಳಿ. ಮಾಲೀಕ ಅದರ ಹಿಂದೆ ತಾನಾಗಿಯೇ ಈಜಿಕೊಂಡು ಬರುತ್ತಾನೆ.