ಎಷ್ಟನೇ ಮಾಳಿಗೆ?

ಮುಂಬೈಯಲ್ಲಿ ನಿವೃತ್ತನಾದ ಕನ್ನಡಿಗನನ್ನು ಕಂಡವರು ಆರೋಗ್ಯ ವಿಚಾರಿಸುವ ಮೊದಲೇ, "ಇನ್ನು ಊರಿಗೆ ಹೋಗುವುದಾ, ಇಲ್ಲೇ ಇರುವುದಾ?" ಎಂದು ಕೇಳುತ್ತಾರೆ. ನಮ್ಮ ಯಜಮಾನರ ಉತ್ತರ ಸಿದ್ಧವಾಗಿತ್ತು: ಉಡುಪಿಯ ಕಡೆಯ ಹಂಚಿನ ಮನೆ, ಬಾವಿಯ ನೀರು, ಸಂಜೆಗೆ ಜಗಲಿ. ಆದರೆ ಮಂಗಗಳು ಒಡೆದ ಹಂಚನ್ನು ಬದಲಿಸಲು "ನಾಳೆ ಬರ್ತೇನೆ" ಎಂದ ಕೆಲಸದವನು ಮಳೆಗಾಲವಿಡೀ ಆ ನಾಳೆಯನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದದ್ದರಿಂದ, ಅಡುಗೆಮನೆಯಲ್ಲಿ ಪಾತ್ರೆಗಳಿಗಿಂತ ಬಾಲ್ದಿಗಳೇ ಹೆಚ್ಚಾಗಿ, ನಾವು ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿ ಮುಂಬೈ ಪಕ್ಕದ ಡೊಂಬಿವಲಿಗೆ ಮರಳಿದೆವು.

ಪುಣೆಯಲ್ಲಿರುವ ಮಗನಿಗೆ ಹಿರಿಯರಿಗೆಂದೇ ಕಟ್ಟಿದ ವಸತಿ ಸಂಕೀರ್ಣಗಳ ಮೇಲೆ ಒಲವು. ಪುಣೆಯ ಹೊರವಲಯದ ಅಂಥದೊಂದು ಕಡೆ ಪರೀಕ್ಷಾರ್ಥವಾಗಿ ತಂಗಿದೆವು. ಜಾರದ ನೆಲಹಾಸು, ಗೋಡೆಗೆ ಹಿಡಿಕೆ, ಗಾಲಿಕುರ್ಚಿ ದಾಟುವಷ್ಟು ಅಗಲದ ಬಾಗಿಲು, ಸ್ನಾನದ ಮನೆಯಲ್ಲಿ ಆಪತ್ಕಾಲದ ಗಂಟೆಗೆ ಕಟ್ಟಿದ ಕೆಂಪು ಹಗ್ಗ. ಆ ಹಗ್ಗ ತಮ್ಮ ಮೈ ಒರೆಸುವ ಬೈರಾಸು ನೇತುಹಾಕಲೆಂದೇ ಇದೆಯೆಂದು ಯಜಮಾನರು ತೀರ್ಮಾನಿಸಿದರು. ಕ್ಷಣಾರ್ಧದಲ್ಲಿ ದಾದಿ, ಕಾವಲುಗಾರ, ಗಾಲಿಕುರ್ಚಿ ಎಲ್ಲವೂ ಹಾಜರು. ಹೊರಗಿನಿಂದ "ಆಜೋಬಾ, ದಾರ್ ಉಘಡಾ!" (ಅಜ್ಜಾ, ಬಾಗಿಲು ತೆರೆಯಿರಿ!) ಎಂಬ ಕೂಗು, ಒಳಗಿನಿಂದ "ಏನೂ ಆಗಲಿಲ್ಲ ಮಾರಾಯ್ರೇ!" ಎಂಬ ಮರುಕೂಗು. ಬಾಗಿಲು ತೆರೆಯಬೇಕಾದರೆ ಬೈರಾಸು ಬೇಕು, ಬೈರಾಸು ಎಳೆದರೆ ಗಂಟೆ ಇನ್ನಷ್ಟು ಜೋರಾಗಿ ಬಡಿದುಕೊಳ್ಳುತ್ತದೆ.

ವ್ಯವಸ್ಥೆಯಲ್ಲಿ ಕೊರತೆಯೇನೂ ಇರಲಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಎಲ್ಲರೂ ಅರುವತ್ತು ದಾಟಿದ ಓಣಿಯಲ್ಲಿ ಮಕ್ಕಳ ಗಲಾಟೆಯೂ ಇಲ್ಲ, ಒಂದು ಲೋಟ ಸಕ್ಕರೆ ಕೇಳಲು ಬರುವವರೂ ಇಲ್ಲ. (ಸಕ್ಕರೆ ಎಲ್ಲರ ರಕ್ತದಲ್ಲೇ ಇತ್ತು.) ನನ್ನ ಅನುಭವದಲ್ಲಿ, ಈ ವಯಸ್ಸಿನವರು ಮನೆ ಆರಿಸುವಾಗ ಚದರಡಿಯನ್ನು ಅಳೆಯುವುದಿಲ್ಲ; ವೈದ್ಯರು, ತರಕಾರಿ ಮಾರುವ ಭಾಜಿಯವಳು, ದೇವಸ್ಥಾನ, ತುಳು-ಕನ್ನಡದಲ್ಲಿ ಜಗಳವಾಡಲು ಸಿಗುವ ಒಬ್ಬ ಗೆಳತಿ, ಇವರೆಲ್ಲ ಎಷ್ಟು ಹೆಜ್ಜೆ ದೂರ ಎಂಬುದನ್ನು ಅಳೆಯುತ್ತಾರೆ.

ಡೊಂಬಿವಲಿಯಲ್ಲಿ ಇವೆಲ್ಲವೂ ಇವೆ, ಲಿಫ್ಟ್ ಒಂದನ್ನು ಬಿಟ್ಟು. ನಾವಿರುವುದು ಮೂರನೇ ಮಾಳಿಗೆ. ಮಹಾರಾಷ್ಟ್ರದಲ್ಲಿ 2019ರಿಂದ ಹೌಸಿಂಗ್ ಸೊಸೈಟಿಯ ಪುನರಭಿವೃದ್ಧಿಗೆ, ಅಂದರೆ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವುದಕ್ಕೆ, ಶೇ. 51 ಸದಸ್ಯರ ಒಪ್ಪಿಗೆ ಸಾಕಾಗಿರುವುದರಿಂದ, ನಮ್ಮ ಕಟ್ಟಡವೂ ಈಗ ಬೀಳುವ ಸರದಿಯಲ್ಲಿದೆ. ಯುವಕರು ಕಾರ್ಪೆಟ್ ಏರಿಯಾ ಎಷ್ಟು ಹೆಚ್ಚುತ್ತದೆಂದು ಕೇಳಿದರೆ, ಹಿರಿಯರು ಕರೆಂಟು ಹೋದಾಗಲೂ ಲಿಫ್ಟ್ ನಡೆಯುತ್ತದೆಯೇ ಎಂದು ಕೇಳುತ್ತಾರೆ. ಲಿಫ್ಟನ್ನು ನಂಬದ ಯಜಮಾನರು ಸಭೆಯಲ್ಲಿ ಎದ್ದು ನಿಂತು, ತಮಗೆ ಅತ್ಯಂತ ಕೆಳಗಿನ ಮನೆಯೇ ಬೇಕೆಂದು ಪಟ್ಟು ಹಿಡಿದರು. ಕಾರ್ಯದರ್ಶಿಗಳು ನಕ್ಷೆ ಬಿಡಿಸಿ ತೋರಿಸಿದರು: ಕೆಳಗಿನ ನಾಲ್ಕು ಅಂತಸ್ತು ಪಾರ್ಕಿಂಗ್‌ಗೆ ಮೀಸಲು, ಅತ್ಯಂತ ಕೆಳಗಿನ ಮನೆಯೆಂದರೆ ಐದನೇ ಅಂತಸ್ತು.

ಕಾರಿಲ್ಲದ ನಮಗೂ ಒಂದು ಪಾರ್ಕಿಂಗ್ ಜಾಗ ಸಿಗಲಿದೆಯಂತೆ. ಅಲ್ಲಿ ಮಂಚ ಹಾಕಿಕೊಳ್ಳಲು ನಿಯಮದಲ್ಲಿ ಅವಕಾಶವಿದೆಯೇ ಎಂದು ಯಜಮಾನರು ಕೇಳಿದ ಪ್ರಶ್ನೆಯನ್ನು ಕಾರ್ಯದರ್ಶಿಗಳು ಸಭೆಯ ನಡಾವಳಿಯಲ್ಲಿ ಬರೆದುಕೊಂಡಿದ್ದಾರೆ.