ಚೈನ್ ಸಾ ಹಲ್ಲಿಗೆ ಅರವೋ, ಗ್ರೈಂಡರೋ?

ತೀರ್ಥಹಳ್ಳಿ ಕಡೆಯ ನಮ್ಮ ತೋಟಕ್ಕೆ ಚೈನ್ ಸಾ, ಅಂದರೆ ಹಲ್ಲಿನ ಚೈನು ಸುತ್ತಿ ಮರ ಕೊಯ್ಯುವ ಮಿಷನ್ನು, ಹಿಡಿದು ಬರುತ್ತಿದ್ದವರು ಅದರ ಟ್ಯಾಂಕಿನಲ್ಲಿ ಪೆಟ್ರೋಲು ಮುಗಿದೊಡನೆ ಒಂದು ಕೊರಡಿನ ಮೇಲೆ ಕುಳಿತು, ಚೀಲದಿಂದ ದುಂಡನೆಯ ಅರವನ್ನು ತೆಗೆದು, ಪ್ರತಿ ಹಲ್ಲಿಗೂ ಎರಡು ಮೂರು ಸಲ ಒಳಗಿನಿಂದ ಹೊರಮುಖವಾಗಿ ತಳ್ಳಿ, ಆಮೇಲಷ್ಟೇ ಎಲೆಯಡಿಕೆಯ ಕಡೆ ಕೈ ಚಾಚುತ್ತಿದ್ದರು. ಅಮೆರಿಕದ ಆರೆಗನ್ ರಾಜ್ಯದಲ್ಲಿ ನೆಲೆಸಿದ ಮೇಲೆ ನಾನು ಕಂಡ ಕ್ರಮ ಬೇರೆ. ಸೌದೆ ಒಲೆ ಇಟ್ಟುಕೊಂಡಿರುವ ನನ್ನ ನೆರೆಹೊರೆಯವರು ನಾಲ್ಕಾರು ಚೈನುಗಳನ್ನು ಕೊಂಡಿಟ್ಟು, ಮೊಂಡಾದವನ್ನು ಶೆಡ್ಡಿನ ಮೊಳೆಗೆ ನೇತುಹಾಕಿ, ಬಿಡುವಾದ ದಿನ ಎಲ್ಲವನ್ನೂ ಒಟ್ಟಿಗೆ ಬೆಂಚಿಗೆ ಬಿಗಿದ ಗ್ರೈಂಡರಿನಲ್ಲಿ ಸಾಣೆ ಹಿಡಿಯುತ್ತಾರೆ, ಇಲ್ಲವೇ ಅಂಗಡಿಗೆ ಕೊಟ್ಟು ಬರುತ್ತಾರೆ. ಎರಡನ್ನೂ ಮಾಡಿ ನೋಡಿದ ನನಗೆ ಅನಿಸಿದ್ದು ಇಷ್ಟು: ಗ್ರೈಂಡರ್ ಇರಬೇಕಾದದ್ದು ಕೆಟ್ಟ ಹಲ್ಲಿನ ರಿಪೇರಿಗೆ, ದಿನದ ಹರಿತಕ್ಕೆ ಅರವೇ ಸರಿ. ಊರಿನವರು ಯಂತ್ರದ ಆಸೆಗೆ ಅರವನ್ನು ಕೈಬಿಡುವುದು ನಷ್ಟದ ವ್ಯವಹಾರ.

ಗ್ರೈಂಡರ್ ಎಂದೊಡನೆ ನಮ್ಮಲ್ಲಿ ವೆಲ್ಡಿಂಗ್ ಶಾಪಿನವರು ಕತ್ತಿ, ಗುದ್ದಲಿ ಮಸೆಯುವ ಎರಡು ಕಲ್ಲಿನ ಯಂತ್ರ ನೆನಪಾಗುತ್ತದೆ. ಅದರ ದಪ್ಪ ಕಲ್ಲು ಚೈನಿನ ಹಲ್ಲಿನ ಬಾಯೊಳಗೆ ಇಳಿಯುವುದೇ ಇಲ್ಲ. ಚೈನಿಗೆಂದೇ ಮಾಡಿದ ಗ್ರೈಂಡರಿನಲ್ಲಿ 3.2 ಅಥವಾ 4.7 ಮಿ.ಮೀ. ದಪ್ಪದ ತೆಳು ಕಲ್ಲು, ಚೈನನ್ನು ಹಿಡಿಯುವ ಪುಟ್ಟ ವೈಸು, ಹಲ್ಲನ್ನು ತಡೆದು ನಿಲ್ಲಿಸುವ ಒಂದು ನಾಲಗೆ, ಕೋನ ತೋರಿಸುವ ಗೆರೆಗಳು ಇರುತ್ತವೆ. ಅಡ್ಡ ಕೊಯ್ಯುವ ಚೈನಿಗೆ ಸಾಮಾನ್ಯವಾಗಿ 30 ಡಿಗ್ರಿ, ಉದ್ದಕ್ಕೆ ಸೀಳಿ ಹಲಗೆ ತೆಗೆಯುವ ಚೈನಿಗೆ ಸುಮಾರು 10 ಡಿಗ್ರಿ ಇಟ್ಟರೆ ಪ್ರತಿ ಹಲ್ಲೂ ಅದೇ ಕೋನಕ್ಕೆ ಬರುತ್ತದೆ. ಎಷ್ಟೇ ಪಳಗಿದ ಕೈಯಾದರೂ ಅರ ಒಂದು ಬದಿಗೆ ಚೆನ್ನಾಗಿ ನಡೆದು ಇನ್ನೊಂದು ಬದಿಗೆ ತುಸು ತಡವರಿಸುವುದುಂಟು. ಹಾಗಾಗಿ ಎಡದ ಹಲ್ಲುಗಳು ಉದ್ದ, ಬಲದವು ಗಿಡ್ಡವಾಗಿ, ಗರಗಸ ನೇರವಾಗಿ ಇಳಿಯದೆ ಒಂದು ಕಡೆಗೆ ವಾಲಿಕೊಂಡು ಕೊಯ್ಯತೊಡಗುತ್ತದೆ. ಅಂಥ ಚೈನಿನಲ್ಲಿ ಎಲ್ಲಕ್ಕಿಂತ ಗಿಡ್ಡ ಹಲ್ಲನ್ನು ಹುಡುಕಿ ಉಳಿದೆಲ್ಲವನ್ನೂ ಅದರ ಅಳತೆಗೆ ಇಳಿಸುವುದು ಅರದಿಂದ ಅರ್ಧ ದಿನದ ಕೆಲಸ, ಗ್ರೈಂಡರಿನಿಂದ ಅರ್ಧ ಗಂಟೆಯದು. ದರೆಯ ಜಂಬಿಟ್ಟಿಗೆಗೋ, ಹಳೆಯ ಬೇಲಿಮರದೊಳಗೆ ಹುದುಗಿದ ತಂತಿಗೋ ಬಡಿದು ಹಲ್ಲಿನ ಮೂತಿ ಮುರಿದಾಗಲೂ ಯಂತ್ರವೇ ಬೇಕು. ಇದನ್ನು ಒಪ್ಪದೆ ಅರವೊಂದೇ ಸಾಕೆಂದು ಹಟ ಹಿಡಿಯುವವರ ಜೊತೆ ನಾನಿಲ್ಲ.

ಆದರೆ ಕಲ್ಲು ನಿಮಿಷಕ್ಕೆ ಮೂರು ಸಾವಿರದಷ್ಟು ಸುತ್ತು ತಿರುಗುವಾಗ ತಾಳ್ಮೆ ಬೇಕು. ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಅಂಗಡಿಗೆ ಕೊಟ್ಟ ನನ್ನ ಚೈನು ಹತ್ತೇ ನಿಮಿಷದಲ್ಲಿ ಹೊಳೆಯುತ್ತ ಹಿಂದಿರುಗಿತು. ಮನೆಯಲ್ಲಿ ಬೆಳಕಿಗೆ ಹಿಡಿದು ನೋಡಿದರೆ ಹಲ್ಲಿನ ಅಂಚಿನಲ್ಲಿ ನವಿಲುಗರಿಯ ನೀಲಿ. ಕಲ್ಲನ್ನು ಒತ್ತಿ ಹಿಡಿದಾಗ ಆ ಸಣ್ಣ ಉಕ್ಕಿನ ತುಣುಕು ಕ್ಷಣದಲ್ಲಿ ಕಾದು ಅದರ ಹದ ಕೆಟ್ಟಿತ್ತು. ಕೆಲವು ಹಲ್ಲು ಮೊದಲ ದಿಮ್ಮಿಗೇ ಮೊಂಡಾದವು. ಕೆಲವು ಎಷ್ಟು ಗಡುಸಾಗಿದ್ದವೆಂದರೆ ಅರ ಕಚ್ಚದೆ ಗಾಜಿನ ಮೇಲೆ ಜಾರುವಂತೆ ಜಾರಿತು. 72 ಡ್ರೈವ್ ಲಿಂಕಿನ, ಅಂದರೆ ಚೈನನ್ನು ಓಡಿಸುವ ಕೊಂಡಿಗಳ, ಆ ಚೈನಿನಲ್ಲಿ ಹಲ್ಲುಗಳು 36. ಒಂದೊಂದರಲ್ಲೂ ಮಿಲಿಮೀಟರಿನಷ್ಟು ಉಕ್ಕು ಸುಮ್ಮನೆ ಪುಡಿಯಾಗಿ ಹೋಗಿತ್ತು. ನಾನೇ ಗ್ರೈಂಡರ್ ಕೊಂಡ ಮೇಲೆ ಕಲಿತದ್ದೆಂದರೆ, ಕಲ್ಲನ್ನು ಒಂದು ಕ್ಷಣ ಮುಟ್ಟಿಸಿ ಎತ್ತಬೇಕು, ಮತ್ತೆ ಮುಟ್ಟಿಸಬೇಕು. ಹೆಚ್ಚು ತೆಗೆಯುವುದಿದ್ದರೆ ಇಡೀ ಚೈನನ್ನು ಎರಡು ಸುತ್ತು ಹಾಕಿಸಬೇಕು. ಕಲ್ಲಿನ ಮೈ ಉಕ್ಕಿನ ಪುಡಿ ಮೆತ್ತಿ ನುಣುಪಾದರೆ ಅದು ಕೊರೆಯುವುದನ್ನು ಬಿಟ್ಟು ಕಾಯಿಸಲು ತೊಡಗುತ್ತದೆ, ಆದ್ದರಿಂದ ಡ್ರೆಸ್ಸಿಂಗ್ ಕಲ್ಲಿನಿಂದ ಅದರ ಮೈಯನ್ನು ಆಗಾಗ ಕೆರೆದು, ಅಂಚಿನ ದುಂಡನ್ನೂ ಸರಿಪಡಿಸುತ್ತಿರಬೇಕು.

ಆ ದುಂಡಿಗೆ ಕಾರಣವಾದ ಹಲ್ಲು ಹುಟ್ಟಿದ್ದು ಈ ಆರೆಗನ್ನಿನಲ್ಲೇ. ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು 1946ರಲ್ಲಿ ಮರ ಕೊರೆಯುವ ಹುಳುವೊಂದು ಎಡಕ್ಕೂ ಬಲಕ್ಕೂ ಕಚ್ಚುತ್ತ ದಾರಿ ಮಾಡಿಕೊಳ್ಳುವುದನ್ನು ನೋಡಿ, ಅದರ ದವಡೆಯಂತೆ ಬಾಗಿದ ಹಲ್ಲುಗಳ ಚೈನನ್ನು ರೂಪಿಸಿ, ಮರುವರ್ಷ ಪೋರ್ಟ್‌ಲ್ಯಾಂಡಿನ ತನ್ನ ಮನೆಯ ನೆಲಮಾಳಿಗೆಯಲ್ಲೇ ತಯಾರಿ ಶುರುಮಾಡಿದ. ಆ ಬಾಗಿಗೆ ಹೊಂದುವುದು ದುಂಡನೆಯ ಅರ. ಪಿಚ್ಚಿಗೆ, ಅಂದರೆ ಚೈನಿನ ಕೊಂಡಿಗಳ ಅಳತೆಗೆ, ತಕ್ಕ ಅರವನ್ನೇ ಕೊಂಡರೆ, .325 ಇಂಚಿನ ಚೈನಿಗೆ ಸಾಮಾನ್ಯವಾಗಿ 4.8 ಮಿ.ಮೀ.ನದು, ಅದು ಬೇಕಾದ ಆಕಾರವನ್ನು ತಾನಾಗಿಯೇ ಉಳಿಸಿಕೊಡುತ್ತದೆ, ತೆಗೆಯುವುದೂ ಬೇಕಾದಷ್ಟನ್ನೇ, ಹಲ್ಲು ಬಿಸಿಯಾಗುವುದೂ ಇಲ್ಲ. ಮಳೆಗಾಲದ ಮಲೆನಾಡಿನಲ್ಲಿ ಕರೆಂಟಿನ ಹಂಗಿಲ್ಲದಿರುವುದೂ ಸಣ್ಣ ಸಂಗತಿಯಲ್ಲ.

ಎರಡೂ ಕಡೆಯವರು ಒಟ್ಟಾಗಿ ಮರೆಯುವ ಕೆಲಸ ಒಂದಿದೆ. ಪ್ರತಿ ಹಲ್ಲಿನ ಮುಂದೆ ಡೆಪ್ತ್ ಗೇಜ್ ಎಂಬ ಗಿಡ್ಡ ಏರು ಇರುತ್ತದೆ. ಅದು ಹಲ್ಲಿನ ಅಂಚಿಗಿಂತ ಸಾಮಾನ್ಯವಾಗಿ 0.65 ಮಿ.ಮೀ. ಕೆಳಗಿರಬೇಕು. ಹಲ್ಲು ಮಸೆದಂತೆಲ್ಲ ಹಿಂದಕ್ಕೂ ಕೆಳಕ್ಕೂ ಸರಿಯುವುದರಿಂದ ಈ ಅಂತರ ಕುಗ್ಗುತ್ತ ಹೋಗಿ, ಚೈನು ಎಷ್ಟೇ ಹರಿತವಿದ್ದರೂ ಮರವನ್ನು ಕಚ್ಚದೆ ಉಜ್ಜುತ್ತದೆ. ಹಾಗೆಂದು ಏರನ್ನು ಅಳತೆಗೆ ಮೀರಿ ಉಜ್ಜಿದರೆ ಗರಗಸ ಹಿಂದಕ್ಕೆ ಒದೆಯುವ ಅಪಾಯ ಹೆಚ್ಚು.

ಹೋದ ಬೇಸಿಗೆಯಲ್ಲಿ ಊರಿಗೆ ಹೊರಟಾಗ ಭಾವ ಗ್ರೈಂಡರ್ ತರಲು ಹೇಳಿದ್ದರು. ಇಲ್ಲಿನದು 120 ವೋಲ್ಟಿನದು, ತೂಕವೂ ಬಹಳ ಎಂದು ನೆಪ ಹೇಳಿ, ಒಂದು ಚಪ್ಪಟೆ ಅರವನ್ನೂ ಆ ಏರುಗಳ ಎತ್ತರ ನೋಡುವ ಅಂಗೈಯಗಲದ ಗೇಜ್ ಪಟ್ಟಿಯನ್ನೂ ಒಯ್ದೆ. ಅವರ ಚೈನು ಮೊಂಡಾಗಿರಲಿಲ್ಲ. ಏರುಗಳು ಮಾತ್ರ ಒಮ್ಮೆಯೂ ಅರ ಕಂಡಿರಲಿಲ್ಲ. ಪಟ್ಟಿಯಿಟ್ಟು ಹೊರಚಾಚಿದ್ದನ್ನಷ್ಟೇ ಉಜ್ಜಿ ಇಳಿಸಿದೆವು. ಬೆಳಗಿನಿಂದ ಹಿಟ್ಟಿನಂಥ ಪುಡಿ ಉದುರಿಸುತ್ತಿದ್ದ ಮಿಷನ್ನು ಸಂಜೆ ಅದೇ ಹಲಸಿನ ದಿಮ್ಮಿಯಿಂದ ಉಗುರಗಲದ ಹಳದಿ ಚಕ್ಕೆಗಳನ್ನು ಎಸೆಯಿತು. ಭಾವ ಗೇಜ್ ಪಟ್ಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.